ಅರ್ರಬೋನ್: ಒತ್ತೆಯಲ್ಲ, ಸಂಚಕಾರ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಮೂರೇ ಕಡೆ ಬರುವ ‘ಅರ್ರಬೋನ್’ ಹುಟ್ಟಿನಿಂದ ಗ್ರೀಕ್ ಪದವಲ್ಲ. ವ್ಯಾಪಾರದ ದಾರಿಯಲ್ಲಿ ಗ್ರೀಕಿಗೆ ಸೇರಿದ ಸೆಮಿಟಿಕ್ ಪದ, ಅಂದರೆ ಹೀಬ್ರೂ ಮೊದಲಾದ ಭಾಷೆಗಳ ಬಳಗದ್ದು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 38ನೆಯ ಅಧ್ಯಾಯದಲ್ಲಿ ಯೆಹೂದನು, ಮುಸುಕು ಹಾಕಿಕೊಂಡು ದಾರಿಯಲ್ಲಿ ಕುಳಿತ ತಾಮಾರಳು ತನ್ನ ಸೊಸೆಯೆಂದು ಅರಿಯದೆ, ಅವಳಿಗೆ ಆಡಿನ ಮರಿಯೊಂದನ್ನು ಕಳುಹಿಸುವುದಾಗಿ ಮಾತುಕೊಟ್ಟು, ಅಲ್ಲಿಯವರೆಗೆ ಇರಲೆಂದು ತನ್ನ ಮುದ್ರೆಯನ್ನೂ ಅದರ ದಾರವನ್ನೂ ಕೈಕೋಲನ್ನೂ ಒಪ್ಪಿಸುತ್ತಾನೆ. ಹೀಬ್ರೂ ಮೂಲದಲ್ಲಿದ್ದ ‘ಏರಾವೋನ್’ ಎಂಬುದನ್ನು ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದವು ಅರ್ರಬೋನ್ ಎಂದೇ ಉಳಿಸಿಕೊಂಡಿತು. ಇಲ್ಲಿ ಅದು ಒತ್ತೆ: ಮರಿ ಬಂದರೆ ಮುದ್ರೆ ಹಿಂದಿರುಗಬೇಕು.

ಪೇಟೆಯ ಗ್ರೀಕಿನಲ್ಲಿ ಅರ್ಥ ಬೇರೆ ದಿಕ್ಕಿಗೆ ಹೊರಳಿತು. ಈಜಿಪ್ಟಿನಲ್ಲಿ ಸಿಕ್ಕಿರುವ 3ನೆಯ ಶತಮಾನದ ಒಂದು ಪಪೈರಸ್ ಕರಾರಿನಲ್ಲಿ, ಹಳ್ಳಿಯೊಂದಕ್ಕೆ ನರ್ತಕಿಯರನ್ನು ಗೊತ್ತುಮಾಡಿದವರು ಅರ್ರಬೋನ್ ಆಗಿ ಒಂದಿಷ್ಟು ಹಣ ಕೊಟ್ಟು, ಅದನ್ನು ಒಟ್ಟು ಸಂಭಾವನೆಯಲ್ಲಿ ಮುರಿದುಕೊಳ್ಳತಕ್ಕದ್ದೆಂದು ಬರೆಸಿದ್ದಾರೆ. ಒತ್ತೆಯಾದರೆ ಮರಳಿ ಬರುವ ವಸ್ತು. ಇದು ಬೆಲೆಯದೇ ಮೊದಲ ಕಂತು, ಕೊಟ್ಟವನನ್ನು ಉಳಿದ ಹಣಕ್ಕೆ ಕಟ್ಟಿಹಾಕುವಂಥದು.

ಆದಿಕ್ರೈಸ್ತ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನು ಎತ್ತಿಕೊಂಡದ್ದು ಈ ಪೇಟೆಯ ಅರ್ಥವನ್ನು. ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಬರುತ್ತೇನೆಂದವನು ಬಾರದೆ ಹೋದದ್ದರಿಂದ, ಒಂದೇ ಬಾಯಲ್ಲಿ ಹೌದು ಎಂದೂ ಅಲ್ಲ ಎಂದೂ ಹೇಳುವವನೆಂಬ ಆಕ್ಷೇಪಕ್ಕೆ ಅವನು ಉತ್ತರ ಕೊಡಬೇಕಾಗಿತ್ತು. ಆ ಸಂದರ್ಭದಲ್ಲೇ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 1:22ರಲ್ಲಿ, ದೇವರು ನಮ್ಮ ಮೇಲೆ ಮುದ್ರೆಯೊತ್ತಿ ಪವಿತ್ರಾತ್ಮನನ್ನು ಅರ್ರಬೋನ್ ಆಗಿ ಹೃದಯಗಳಲ್ಲಿ ಇಟ್ಟಿದ್ದಾನೆ ಎನ್ನುತ್ತಾನೆ. ಮನುಷ್ಯನ ಮಾತು ತಪ್ಪಬಹುದು, ಆದರೆ ದೇವರ ಮಾತಿಗೆ ಮುಂಗಡವೇ ಸಂದಾಯವಾಗಿದೆ ಎಂಬುದು ವಾದ. ಅದೇ ಪತ್ರದ 5:5ರಲ್ಲಿ, ಈ ದೇಹವೆಂಬ ಗುಡಾರ ಕಿತ್ತುಹೋದ ಮೇಲಿನ ಬದುಕಿನ ಮಾತು ಬಂದಾಗ, ಪದ ಮತ್ತೆ ಬರುತ್ತದೆ. (ಗುಡಾರ ಮಾಡುವುದು ಅವನ ಕಸುಬೇ ಆಗಿತ್ತು; ಮುಂಗಡದ ಲೆಕ್ಕ ಅವನಿಗೆ ಹೊಸದಾಗಿರಲಾರದು.) ಮೂರನೆಯದು ಎಫೆಸದವರಿಗೆ ಬರೆದ ಪತ್ರದ 1:14: ಬರಲಿರುವ ಬಾಧ್ಯತೆಗೆ, ಅಂದರೆ ವಾರಸಾಗಿ ಸಿಗುವ ಸ್ವತ್ತಿಗೆ, ಆತ್ಮನೇ ಅರ್ರಬೋನ್.

ಲ್ಯಾಟಿನ್ ಬೈಬಲು ಇಲ್ಲಿ ಒತ್ತೆ ಎಂಬರ್ಥದ ‘ಪಿಗ್ನುಸ್’ ಬಳಸಿತು. ಅದು ಸರಿಯಲ್ಲ, ಒತ್ತೆ ಸಾಲಕ್ಕೆ ಇಡುವುದು, ಅರ್ರಬೋನ್ ಮುಂದಿನ ಕ್ರಯಕ್ಕೆ ಕೊಡುವುದು ಎಂದು ಲ್ಯಾಟಿನ್ ಬೈಬಲಿನ ಹೆಸರಾಂತ ವಿದ್ವಾಂಸ ಜೆರೋಮನೇ ತನ್ನ ವ್ಯಾಖ್ಯಾನದಲ್ಲಿ ಎಚ್ಚರಿಸಿದ್ದಾನೆ. ಕನ್ನಡ ಬೈಬಲಿನ ಅನುವಾದಕರು ಆ ತೊಡಕಿಗೆ ಸಿಕ್ಕಲಿಲ್ಲ. ಅವರು ಆರಿಸಿದ ‘ಸಂಚಕಾರ’ ಕ್ರಯದ ಮಾತುಕತೆ ಕುದುರಿದಾಗ ಕೈಗೆ ಹಾಕುವ ಮುಂಗಡವೇ. ಸಂಸ್ಕೃತದ ‘ಸತ್ಯಂಕಾರ’, ಅಂದರೆ ಆಡಿದ ಮಾತನ್ನು ನಿಜವಾಗಿಸುವುದು, ಅದರ ಮೂಲ. ಪೌಲನ ಹೌದು–ಅಲ್ಲಗಳ ವಾದಕ್ಕೆ ಇದಕ್ಕಿಂತ ಹೊಂದುವ ಪದವನ್ನು ನಾನು ಕಾಣೆ. ತೊಂದರೆ ಈಚಿನದು. ‘ಜೀವಕ್ಕೆ ಸಂಚಕಾರ’ ಎಂದು ಪತ್ರಿಕೆಗಳು ಬರೆದು ಬರೆದು, ಆ ಪದಕ್ಕೆ ಕುತ್ತು ಎಂಬ ಅರ್ಥವೇ ಗಟ್ಟಿಯಾಗಿದೆ. ಪವಿತ್ರಾತ್ಮನೆಂಬ ಸಂಚಕಾರ ಎಂದು ಓದಿದ ಇಂದಿನ ಹುಡುಗ ಒಂದು ಕ್ಷಣ ಬೆಚ್ಚಿದರೆ ತಪ್ಪು ಅವನದಲ್ಲ.