ತಕರಾರು ಇರುವಲ್ಲಿ ವಿಷಯ ಹುಡುಕಿ

ಮನಃಶಾಸ್ತ್ರದ ಪ್ರಬಂಧಕ್ಕೆ ವಿಷಯ ಆರಿಸಿಕೊಂಡು ಬರುವ ವಿದ್ಯಾರ್ಥಿಗಳ ಶೀರ್ಷಿಕೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ‘ಒತ್ತಡ ಮತ್ತು ವಿದ್ಯಾರ್ಥಿಗಳು’, ‘ಮೊಬೈಲ್ ಬಳಕೆಯ ದುಷ್ಪರಿಣಾಮಗಳು’, ‘ವ್ಯಕ್ತಿತ್ವದ ಮೇಲೆ ಬಾಲ್ಯದ ಪ್ರಭಾವ’. ಇವುಗಳಲ್ಲಿ ಯಾವುದನ್ನೂ ನಾನು ಕೂಡಲೇ ಒಪ್ಪುವುದಿಲ್ಲ. ಒಂದೊಂದರ ಮೇಲೂ ರಾಶಿ ರಾಶಿ ಸಂಶೋಧನಾ ಲೇಖನಗಳಿವೆ. ಎರಡು ಸಾವಿರ ಪದಗಳಲ್ಲಿ ಮುಗಿಸಬೇಕಾದವರು ಅವುಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಕೈಬಿಡಬೇಕು ಎಂಬ ಸುಳಿವನ್ನು ಇಂಥ ಶೀರ್ಷಿಕೆ ಕೊಡುವುದೇ ಇಲ್ಲ. ಕೈಗೆ ಸಿಕ್ಕಿದ್ದೆಲ್ಲ ಪ್ರಬಂಧದೊಳಗೆ ಸೇರಿಕೊಳ್ಳುತ್ತದೆ. ಓದಿ ಮುಗಿಸಿದವರಿಗೆ ಬರೆದವರ ನಿಲುವು ಏನೆಂದು ಗೊತ್ತಾಗುವುದಿಲ್ಲ.

ಆದ್ದರಿಂದ ನಾನು ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ: ‘ಇದರಲ್ಲಿ ತಕರಾರು ಎಲ್ಲಿದೆ?’ ಬಲ್ಲವರು ಒಂದೇ ವಿಚಾರದ ಬಗ್ಗೆ ಎರಡು ಮಾತು ಆಡುತ್ತಿರುವ ಜಾಗ ಸಿಕ್ಕಿತೆಂದರೆ ಅರ್ಧ ಪ್ರಬಂಧ ಸಿಕ್ಕಿದ ಹಾಗೆ.

ಮೊಬೈಲ್ ವಿಷಯವನ್ನೇ ತೆಗೆದುಕೊಳ್ಳಿ. ‘ಮೊಬೈಲ್‌ನಿಂದ ಹದಿಹರೆಯದವರಲ್ಲಿ ಖಿನ್ನತೆ ಹೆಚ್ಚುತ್ತಿದೆ ಎಂದು ಬರೆಯುತ್ತೇನೆ ಮೇಡಂ’ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಾಗ, ಅವಳ ಮುಂದೆ ಎರಡು ಲೇಖನಗಳನ್ನು ಇಟ್ಟೆ. ಮೊದಲನೆಯದು 2019ರಲ್ಲಿ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಪ್ರಕಟಿಸಿದ್ದು. ಮೂರು ದೊಡ್ಡ ಸಮೀಕ್ಷೆಗಳಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಅವರು ಪರಿಶೀಲಿಸಿದರು. ಒಬ್ಬರಿಂದ ಒಬ್ಬರಿಗೆ ಮನಸ್ಸಿನ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಬಳಕೆಯಿಂದ ವಿವರಿಸಬಹುದಾದ ಪಾಲು ಹೆಚ್ಚೆಂದರೆ ಶೇ 0.4 ಎಂಬುದು ಅವರ ತೀರ್ಮಾನ. ಅದೇ ಮಾಹಿತಿಯಲ್ಲಿ ಕನ್ನಡಕ ಹಾಕುವುದಕ್ಕೂ ನೆಮ್ಮದಿ ಕಡಿಮೆಯಿರುವುದಕ್ಕೂ ಇದ್ದ ನಂಟು ಇದಕ್ಕಿಂತ ಹೆಚ್ಚಾಗಿತ್ತು.

ಎರಡನೆಯದು 2022ರ ಲೇಖನ. ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮತ್ತು ಸಂಗಡಿಗರು ಇದೇ ಬಗೆಯ ವಿಶ್ಲೇಷಣೆಯನ್ನು ಮತ್ತೆ ಮಾಡಿದರು. ಟಿವಿ ನೋಡುವುದನ್ನೂ ಕಂಪ್ಯೂಟರ್ ಬಳಕೆಯನ್ನೂ ಸಾಮಾಜಿಕ ಜಾಲತಾಣದ ಬಳಕೆಯ ಜೊತೆ ಕಲಸಬಾರದು, ಹುಡುಗ ಹುಡುಗಿಯರನ್ನು ಒಂದೇ ಗುಂಪಾಗಿ ಎಣಿಸಬಾರದು ಎಂಬುದು ಅವರ ಆಕ್ಷೇಪ. ಹಾಗೆ ಬೇರ್ಪಡಿಸಿ ನೋಡಿದಾಗ, ಅದರಲ್ಲೂ ಹುಡುಗಿಯರ ಮಟ್ಟಿಗೆ, ಸಾಮಾಜಿಕ ಜಾಲತಾಣಕ್ಕೂ ಮಾನಸಿಕ ಅನಾರೋಗ್ಯಕ್ಕೂ ಇರುವ ನಂಟು ಮೊದಲಿನವರು ಹೇಳಿದ್ದಕ್ಕಿಂತ ಬಲವಾಗಿ ಕಂಡಿತು.

ಆ ವಿದ್ಯಾರ್ಥಿನಿ ಎರಡನ್ನೂ ಓದಿ ಬಂದಳು. ‘ಒಂದೇ ಬಗೆಯ ಮಾಹಿತಿಯಿಂದ ಇಬ್ಬರು ಬೇರೆ ಬೇರೆ ಉತ್ತರ ತೆಗೆದದ್ದು ಹೇಗೆ ಮೇಡಂ?’ ಎಂದು ಕೇಳಿದಳು. ‘ಅದೇ ನಿನ್ನ ವಿಷಯ’ ಎಂದೆ. ‘ಜಾಲತಾಣ ಮತ್ತು ಖಿನ್ನತೆಯ ನಂಟು ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಸಂಶೋಧಕರ ಉತ್ತರಗಳು ಬೇರೆಯಾಗಲು ಕಾರಣವೇನು?’ ಈ ಪ್ರಶ್ನೆ ಹಿಡಿದ ಮೇಲೆ ಅವಳಿಗೆ ಏನು ಓದಬೇಕು, ಏನು ಬೇಡ ಎಂಬ ಗೊಂದಲ ಉಳಿಯಲಿಲ್ಲ. ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ಭಾರವೂ ತಪ್ಪಿತು.

ಇಂಥ ಜಾಗಗಳು ಪಠ್ಯಪುಸ್ತಕದಲ್ಲೇ ಬೇಕಾದಷ್ಟಿವೆ. ಒಂದು ಮಾರ್ಷ್‌ಮ್ಯಾಲೋ ಮಿಠಾಯಿಯನ್ನು ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎಂದು ಮಕ್ಕಳನ್ನು ಪರೀಕ್ಷಿಸಿದ ವಾಲ್ಟರ್ ಮಿಶೆಲ್ ಅವರ ಪ್ರಯೋಗ ಎಲ್ಲರಿಗೂ ಗೊತ್ತು. ಹೆಚ್ಚು ಹೊತ್ತು ಕಾದ ಮಕ್ಕಳು ದೊಡ್ಡವರಾದಾಗ ಓದಿನಲ್ಲಿ ಮುಂದಿದ್ದರು ಎಂದು 1990ರ ಲೇಖನ ಹೇಳಿತು. ಬಹಳಷ್ಟು ಪ್ರಬಂಧಗಳು ಇಲ್ಲಿಗೇ ನಿಂತು, ಸಂಯಮವೇ ಯಶಸ್ಸಿನ ಕೀಲಿಕೈ ಎಂದು ಘೋಷಿಸಿಬಿಡುತ್ತವೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಏಕೆಂದರೆ ಕಥೆಯ ರುಚಿ ಇರುವುದು ಆಮೇಲಿನ ಭಾಗದಲ್ಲಿ. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಪರೀಕ್ಷೆಗೆ ಮುಂಚೆ ಒಂದು ಗುಂಪಿನ ಮಕ್ಕಳಿಗೆ ಒಳ್ಳೆಯ ಬಣ್ಣದ ಸಾಮಗ್ರಿ ತರುತ್ತೇವೆಂದು ಹೇಳಿ ತಂದುಕೊಟ್ಟರು, ಇನ್ನೊಂದು ಗುಂಪಿಗೆ ಹೇಳಿ ತರಲಿಲ್ಲ. ಮಾತು ಉಳಿಸಿಕೊಂಡವರನ್ನು ನೋಡಿದ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸಹೋದವರು ಸುಮಾರು 3 ನಿಮಿಷ. ದೊಡ್ಡವರ ಮಾತು ನಂಬಲು ಕಾರಣವೇ ಇಲ್ಲದ ಮಗು ಕಣ್ಣೆದುರಿಗಿನ ಮಿಠಾಯಿಯನ್ನು ತಿಂದುಬಿಟ್ಟರೆ ಅದನ್ನು ಸಂಯಮದ ಕೊರತೆ ಎನ್ನಬೇಕೋ, ಲೋಕಜ್ಞಾನ ಎನ್ನಬೇಕೋ?

ಮುಂದೆ 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಲ್ಲಿ ಕಾಯುವುದಕ್ಕೂ ಮುಂದಿನ ಓದಿಗೂ ಇರುವ ನಂಟನ್ನು ಮತ್ತೆ ನೋಡಿದಾಗ ಅದು ಹಳೆಯದರ ಅರ್ಧಕ್ಕೆ ಇಳಿಯಿತು. ಮನೆಯ ಹಿನ್ನೆಲೆ, ಮಗುವಿನ ಆರಂಭಿಕ ಬುದ್ಧಿಸಾಮರ್ಥ್ಯಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದದ್ದರಲ್ಲೂ ಮೂರನೇ ಎರಡು ಪಾಲು ಕರಗಿತು. ಆದರೆ ಇಲ್ಲಿಯೂ ಒಂದು ತೊಡಕಿದೆ: ಹೊಸ ಅಧ್ಯಯನದಲ್ಲಿ ಮಕ್ಕಳು ಕಾಯಬೇಕಿದ್ದದ್ದು 7 ನಿಮಿಷ ಮಾತ್ರ, ಹಳೆಯದರಲ್ಲಿ ಅದಕ್ಕಿಂತ ಹೆಚ್ಚು. ಎರಡನ್ನೂ ನೇರವಾಗಿ ಹೋಲಿಸಬಹುದೇ? ಇಷ್ಟನ್ನೇ ಕೇಳಿ, ಉತ್ತರ ಹುಡುಕಿ, ಚೆನ್ನಾಗಿ ವಾದಿಸಿದ ಪ್ರಬಂಧಕ್ಕೆ ನಾನು ಸಂತೋಷದಿಂದ ಹೆಚ್ಚಿನ ಅಂಕ ಕೊಡುತ್ತೇನೆ.

ಎಲ್ಲ ಕಡೆಯೂ ಜಗಳವೇ ಇರಬೇಕೆಂದಿಲ್ಲ. ಕೆಲವೊಮ್ಮೆ ಒಂದೇ ಲೇಖನದೊಳಗೆ ಫಲಿತಾಂಶ ತಿರುಗಿ ಬೀಳುವ ತಿರುವು ಇರುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗದಲ್ಲಿ ಒಂದು ಪಠ್ಯವನ್ನು ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮತ್ತೆ ಓದುವ ಬದಲು ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರ ಮುಂದೆ ಬಂದರು. ಹಾಗಾದರೆ ಯಾವ ಅಭ್ಯಾಸ ಒಳ್ಳೆಯದು ಎಂಬ ಪ್ರಶ್ನೆಗೆ ಪರೀಕ್ಷೆ ಯಾವಾಗ ಎಂಬುದನ್ನು ಬಿಟ್ಟು ಉತ್ತರವಿಲ್ಲ. ‘ಯಾವ ಸಂದರ್ಭದಲ್ಲಿ’ ಎಂಬ ಎರಡು ಪದ ಸೇರಿಸಿದರೆ ಸಾಕು, ಎಷ್ಟೋ ಹಳಸಲು ವಿಷಯಗಳಿಗೆ ಜೀವ ಬರುತ್ತದೆ.

ಒತ್ತಡದ ಬಗ್ಗೆ ಬರೆಯುವವರು ಅದನ್ನು ಅಳೆದದ್ದು ಹೇಗೆ ಎಂದು ಮೊದಲು ನೋಡಬೇಕು. 1967ರ ಹೋಮ್ಸ್ ಮತ್ತು ರಾಹೆ ಪಟ್ಟಿ ಬದುಕಿನಲ್ಲಿ ನಡೆದ 43 ಬಗೆಯ ಘಟನೆಗಳನ್ನು ಎಣಿಸುತ್ತದೆ. 1983ರ ಶೆಲ್ಡನ್ ಕೋಹೆನ್ ಪ್ರಶ್ನಾವಳಿ ಕಳೆದ ಒಂದು ತಿಂಗಳಲ್ಲಿ ನಿಮಗೆ ಹೇಗನಿಸಿತು ಎಂದು ಕೇಳುತ್ತದೆ. ಇನ್ನು ಕೆಲವರು ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ, ಒತ್ತಡದ ವೇಳೆ ದೇಹದಲ್ಲಿ ಹೆಚ್ಚುವ ಹಾರ್ಮೋನನ್ನು ಅಳೆಯುತ್ತಾರೆ. ಮೂವರೂ ‘ಒತ್ತಡ’ ಎಂದೇ ಬರೆಯುತ್ತಾರೆ, ಅಳೆದದ್ದು ಮಾತ್ರ ಮೂರು ಬೇರೆ ಸಂಗತಿ. ಲೇಖನದ ಸಾರಾಂಶ ಮಾತ್ರ ಓದುವವರಿಗೆ ಇದು ಕಾಣುವುದಿಲ್ಲ. ವಿಧಾನದ ಭಾಗವನ್ನು ಓದಲು ಮನಸ್ಸಿಲ್ಲದಿದ್ದರೆ ಆ ವಿಷಯವನ್ನು ಬಿಡುವುದೇ ಒಳಿತು.

ಸಾಕಷ್ಟು ವಿದ್ಯಾರ್ಥಿಗಳು ತಮ್ಮ ನೋವಿನ ಹತ್ತಿರದ ವಿಷಯವನ್ನೇ ಆರಿಸುತ್ತಾರೆ. ತಾಯಿಯ ಖಿನ್ನತೆ, ತಮ್ಮದೇ ಆತಂಕ, ಕುಟುಂಬದಲ್ಲಿ ನಡೆದ ಆತ್ಮಹತ್ಯೆ. ಅವರನ್ನು ತಡೆಯಬೇಕೆಂದು ನನಗೆ ಅನಿಸುವುದಿಲ್ಲ. ಈ ಶಾಸ್ತ್ರಕ್ಕೆ ಬಹಳ ಜನ ಬರುವುದೇ ಇಂಥ ದಾರಿಯಿಂದ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅವರನ್ನು ಬಾಗಿಲು ಮುಚ್ಚಿ ಕೂರಿಸಿಕೊಂಡು ಎರಡು ಮಾತು ಕೇಳುತ್ತೇನೆ: ನೀವು ಅಂದುಕೊಂಡದ್ದಕ್ಕೆ ವಿರುದ್ಧವಾದ ಸಾಕ್ಷ್ಯ ಸಿಕ್ಕರೆ ಅದನ್ನು ಹಾಗೆಯೇ ಬರೆಯಲು ಆಗುತ್ತದೆಯೇ? ಪ್ರತಿ ರಾತ್ರಿ ಅದರ ಬಗ್ಗೆ ಓದುವುದನ್ನು ನೀವು ತಡೆದುಕೊಳ್ಳಬಲ್ಲಿರಾ? ಎರಡರಲ್ಲಿ ಒಂದಕ್ಕೆ ಇಲ್ಲ ಎಂದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲು ಹೇಳುತ್ತೇನೆ. ಖಿನ್ನತೆಯ ಬದಲು ಖಿನ್ನತೆ ಇರುವವರನ್ನು ನೋಡಿಕೊಳ್ಳುವ ಮನೆಯವರ ಆಯಾಸ, ಆತಂಕದ ಬದಲು ಆತಂಕ ಮತ್ತು ನಿದ್ರೆಯ ನಂಟು. ಆ ನೋವಿಗೇ ಸಹಾಯ ಬೇಕಿದ್ದರೆ ಆಪ್ತಸಮಾಲೋಚಕರ ಬಳಿ ಹೋಗಲು ಹೇಳುತ್ತೇನೆ. ಪ್ರಬಂಧ ಆ ಕೆಲಸ ಮಾಡಲಾರದು.

ಸ್ವಂತ ಸಮೀಕ್ಷೆ ಮಾಡುವ ಆಸೆಯೂ ಇದೇ ಕಾಲಕ್ಕೆ ಹುಟ್ಟುತ್ತದೆ. ಪ್ರಬಂಧ ಕೇಳುವುದು ಓದಿನ ಆಧಾರದ ವಾದವನ್ನಾದರೆ ಸಮೀಕ್ಷೆಯ ಗೊಡವೆ ಬೇಡ. ಮಾಡಲೇಬೇಕಿದ್ದರೆ ನಿಮ್ಮ ವಿಭಾಗದ ನೈತಿಕ ಅನುಮತಿ ಮೊದಲು, ಪ್ರಶ್ನಾವಳಿ ಆಮೇಲೆ. ಸಹಪಾಠಿಗಳಿಗೆ ಆತ್ಮಹತ್ಯೆಯ ಯೋಚನೆ, ದೌರ್ಜನ್ಯದ ಅನುಭವ ಕುರಿತ ಪ್ರಶ್ನೆಗಳನ್ನು ಮೊಬೈಲ್‌ನಲ್ಲಿ ಹಂಚುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಉತ್ತರಿಸಿದವರಲ್ಲಿ ಒಬ್ಬರು ಕುಸಿದುಹೋದರೆ ಅವರನ್ನು ಹಿಡಿಯಲು ಅಲ್ಲಿ ಯಾರೂ ಇರುವುದಿಲ್ಲ.

ನಿಮ್ಮ ಮಾರ್ಗದರ್ಶಕರ ಬಳಿ ಹೋಗುವಾಗ ಒಂದು ಹಾಳೆ ಸಾಕು. ಮೇಲೆ ಪ್ರಶ್ನಾರ್ಥಕ ಚಿಹ್ನೆಯಿರುವ ಒಂದು ವಾಕ್ಯ, ಕೆಳಗೆ ಪೂರ್ತಿ ಓದಿದ ಎರಡು ಲೇಖನಗಳ ಹೆಸರು, ಅವು ಎಲ್ಲಿ ಒಪ್ಪುವುದಿಲ್ಲ ಎಂಬುದರ ಬಗ್ಗೆ ನಾಲ್ಕು ಸಾಲು. ಆ ನಾಲ್ಕು ಸಾಲು ಬರೆಯಲು ಆಗದಿದ್ದರೆ ಶೀರ್ಷಿಕೆಯನ್ನು ತಿದ್ದುತ್ತಾ ಕೂರಬೇಡಿ, ಮೂರನೆಯ ಲೇಖನ ಓದಿ.