ರೇಡಿಯೇಟರ್‌ಗೆ ಬೋರ್ ನೀರು ಸಾಕಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಈ ಸಲ ಕೇಳಿದವರು ಚಿಂತಾಮಣಿ ಊರಿನ ಓದುಗರೊಬ್ಬರು: "ಸರ್, ನನ್ನದು ಹಳೇ ಆಲ್ಟೋ. ರೇಡಿಯೇಟರಿಗೆ ಹಾಕೋ ಆ ಕೂಲೆಂಟ್ ದ್ರವ ಎಲ್ಲ ಚಳಿ ದೇಶದವರಿಗೆ, ನಮ್ಮ ಕಡೆ ನೀರೇ ಸಾಕು ಅಂತಾರೆ. ಮನೆ ಬೋರ್ ನೀರೇ ತುಂಬಿಸಲಾ?"

ಬೇಡ.

ಇಷ್ಟೇ ಹೇಳಿದರೆ ನೀವು ನಂಬುವುದಿಲ್ಲ. ಬಚ್ಚಲಿಗೆ ಹೋಗಿ, ನೀರು ಕಾಯಿಸುವ ಕಾಯಿಲ್ ಎತ್ತಿ ನೋಡಿ. ಬಿಳೀ ಸುಣ್ಣ ಪದರ ಪದರವಾಗಿ ಕಟ್ಟಿರುತ್ತೆ, ಅಲ್ವಾ? ನಮ್ಮ ಗಡಸು ನೀರು ಕಾದಾಗ ಮಾಡುವುದೇ ಅದನ್ನ. ರೇಡಿಯೇಟರ್ ಕೊಳವೆಯ ಒಳಸಂದು ಒಂದೆರಡು ಮಿಲಿಮೀಟರ್ ಅಷ್ಟೆ. ಅಲ್ಲೂ ಸುಣ್ಣ ಕಟ್ಟಿದರೆ ನೀರು ಹೇಗೆ ಹರಿಯಬೇಕು? ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯವರ ಕಾರಿನ ರೇಡಿಯೇಟರಿನ ಡ್ರೈನ್ ಪ್ಲಗ್ ಬಿಚ್ಚಿದೆ. ಟಬ್ಬಿಗೆ ಬಿದ್ದದ್ದು ಬೆಲ್ಲದ ಪಾನಕದ ಬಣ್ಣದ ನೀರು, ತಳದಲ್ಲಿ ಒಂದು ಹಿಡಿ ತುಕ್ಕಿನ ಪುಡಿ. ಇವರೇ ಬ್ಯಾಟರಿಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಹುಡುಕಿಕೊಂಡು ಹೋಗುತ್ತಾರೆ!

ಇನ್ನು ಆ ಚಳಿ ದೇಶದ ಕಥೆ. ಡಬ್ಬಿ ಮೇಲೆ ಆಂಟಿಫ್ರೀಜ್ ಅಂತ ಇರುವುದರಿಂದ ಹುಟ್ಟಿದ್ದು ಇದು. ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಒಂದು ಕೆಲಸ, ನಿಜ. ನಮಗೆ ಬೇಕಿರುವುದು ಉಳಿದೆರಡು: ತುಕ್ಕು ತಡೆಯುವುದು, ಬೇಗ ಕುದಿಯದಂತೆ ನೋಡಿಕೊಳ್ಳುವುದು. ಚಿಕ್ಕಬಳ್ಳಾಪುರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. 1,478 ಮೀಟರಿನ ನಂದಿ ಬೆಟ್ಟದ ಮೇಲೆ 95ಕ್ಕೇ. ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮುಖ್ಯ ಸರಕು) ಬೆರೆಸಿದರೆ ಏಳೆಂಟು ಡಿಗ್ರಿ ಜಾಸ್ತಿ ಸಿಗುತ್ತೆ. ರೇಡಿಯೇಟರ್ ಮುಚ್ಚಳದ ಒತ್ತಡದಿಂದ ಇನ್ನೊಂದು ಇಪ್ಪತ್ತು, ಅದರ ರಬ್ಬರ್ ಚೆನ್ನಾಗಿದ್ದರೆ. ಐದು ಜನ, ಎಸಿ, ಎರಡನೇ ಗೇರಿನಲ್ಲಿ ನಂದಿ ಹತ್ತುವಾಗ ಆ ಏಳೆಂಟು ಡಿಗ್ರಿಯ ಬೆಲೆ ಗೊತ್ತಾಗುತ್ತೆ.

"ನಮ್ಮಪ್ಪ ಅಂಬಾಸಿಡರ್‌ಗೆ ಕೆರೆ ನೀರೇ ಹಾಕ್ತಿದ್ರು." ಹಾಕ್ತಿದ್ರು, ಸರಿ. ಆ ಎಂಜಿನ್ ಬೀಡು ಕಬ್ಬಿಣದ್ದು, ರೇಡಿಯೇಟರ್ ತಾಮ್ರ-ಹಿತ್ತಾಳೆಯದ್ದು. ನಿಮ್ಮ ಕಾರಿನ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ಡೂ ಅಲ್ಯುಮಿನಿಯಂ, ರೇಡಿಯೇಟರೂ ಅಲ್ಯುಮಿನಿಯಂ. ಎಂಜಿನ್ ಅತಿಯಾಗಿ ಕಾದು ಹೆಡ್ ಒಮ್ಮೆ ಬಾಗಿದರೆ ಅಪ್ಪನ ಕಾಲದ ಮಾತು ಖರ್ಚಿಗಾಗಲ್ಲ.

ಹಾಗಂತ ನೀರು ಬೆರೆಸದ ಗಟ್ಟಿ ಕೂಲೆಂಟ್, ಅಂದರೆ ಕಾನ್ಸಂಟ್ರೇಟನ್ನು ಹಾಗೇ ಸುರಿಯಬೇಡಿ. ಬರೀ ಗ್ಲೈಕಾಲ್ ನೀರಿನಷ್ಟು ಶಾಖ ಒಯ್ಯುವುದಿಲ್ಲ. ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಇಲ್ಲಾಂದ್ರೆ ರೆಡಿ ಮಿಕ್ಸ್ ತನ್ನಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ವಾಟರಿನಲ್ಲೇ ಎರಡು ಸಲ ತೊಳೆದು ಹೊಸದು ತುಂಬಿ. ಹೀಟರ್ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸಿ; ಗುಳ್ಳೆ ನಿಂತ ಮೇಲೆ ಮುಚ್ಚಿ. ಇಳಿಸಿದ ಕೂಲೆಂಟ್ ಸಿಹಿ, ಆದರೆ ವಿಷ. ಬೀದಿನಾಯಿ ನೆಕ್ಕುವ ಜಾಗದಲ್ಲಿ ಚೆಲ್ಲಬೇಡಿ. ದಾರಿಯಲ್ಲಿ ಸೋರಿ ಖಾಲಿಯಾದರೆ ಮಾತ್ರ, ಎಂಜಿನ್ ತಣ್ಣಗಾದ ಮೇಲೆ ಸಿಕ್ಕ ನೀರು ಹಾಕಿ ಮನೆ ಸೇರಿಕೊಳ್ಳಿ.

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ವೈಪರ್ ನೀರಿನ ಡಬ್ಬಿಗೂ ಬೋರ್ ನೀರನ್ನೇ ಹಾಕಿರುತ್ತೀರಿ. ಅದಕ್ಕೇ ಬಾನೆಟ್ ಮೇಲಿನ ತೂತಿನಿಂದ ನೀರು ಚಿಮ್ಮದೆ ಸುಮ್ನೆ ತೊಟ್ಟಿಕ್ಕುವುದು. ಸಣ್ಣ ಹೊಲಿಗೆ ಸೂಜಿ ತಗೊಂಡು ಮೆಲ್ಲಗೆ ಚುಚ್ಚಿ, ಸುಣ್ಣ ಉದುರುತ್ತೆ. ಆಮೇಲೆ ಆರ್‌ಒ ನೀರು ತುಂಬಿ.