ಹಿತ್ತಾಳೆಯ ಮೈ, ಜೊಂಡಿನ ನಾಲಿಗೆ

ಮಳೆಗಾಲ ಹಿಡಿದರೆ ಸಾಕು, ನನ್ನ ರಿಪೇರಿ ಮೇಜಿನ ಮೇಲೆ ಸ್ಯಾಕ್ಸೋಫೋನ್‌ಗಳು ಸಾಲುಗಟ್ಟುತ್ತವೆ. ಕರಾವಳಿಯ ತೇವಕ್ಕೆ, ತೂತುಗಳನ್ನು ಮುಚ್ಚುವ ಚರ್ಮದ ಪ್ಯಾಡ್‌ಗಳು ಉಬ್ಬಿಕೊಂಡಿರುತ್ತವೆ. ದೂರು ಮಾತ್ರ ಹೆಚ್ಚುಕಡಿಮೆ ಒಂದೇ: “ಕೆಳಗಿನ ಸ್ವರ ಹಿಡಿಯುತ್ತಿಲ್ಲ, ನಾಲ್ಕು ರೀಡ್ ಬದಲಿಸಿ ನೋಡಿದೆ.” ನಾನು ರೀಡನ್ನು ಮುಟ್ಟುವ ಮೊದಲು ಕೊಳವೆಯೊಳಗೆ ಸಣ್ಣ ದೀಪ ಇಳಿಸಿ, ಕೋಣೆಯ ಬೆಳಕು ಆರಿಸುತ್ತೇನೆ. ಮುಚ್ಚಿರಬೇಕಾದ ಯಾವುದೋ ಪ್ಯಾಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಇಣುಕುತ್ತದೆ. ಬಹಳ ಸಲ ಆ ಸೋರಿಕೆ ಇರುವುದು ವಾದ್ಯದ ಮೇಲ್ಭಾಗದಲ್ಲಿ.

ಕಾರಣ ತಿಳಿಯಬೇಕಾದರೆ ನಾದ ಹುಟ್ಟುವ ಬಗೆ ತಿಳಿಯಬೇಕು. ಮೌತ್‌ಪೀಸಿಗೆ ಕಟ್ಟಿದ ಜೊಂಡಿನ ಸೀಳು, ಅಂದರೆ ರೀಡ್, ಉಸಿರಿಗೆ ಅದುರುತ್ತಾ ಗಾಳಿಯನ್ನು ಬಿಟ್ಟು ಬಿಟ್ಟು ಒಳಗೆ ಸೇರಿಸುತ್ತದೆ. ಆ ಒತ್ತಡದ ಅಲೆ ತೆರೆದ ತೂತಿನವರೆಗೆ ಹೋಗಿ, ತಿರುಗಿ ಬಂದು, ರೀಡ್ ಮತ್ತೆ ಯಾವಾಗ ತೆರೆಯಬೇಕೆಂಬುದನ್ನು ನಿರ್ಧರಿಸುತ್ತದೆ. ಆಲ್ಟೊ ಸ್ಯಾಕ್ಸೋಫೋನಿನ ತೀರಾ ಕೆಳಗಿನ ಸ್ವರದಲ್ಲಿ ಇದು ಸೆಕೆಂಡಿಗೆ ಸುಮಾರು 139 ಬಾರಿ ನಡೆಯುತ್ತದೆ. ಕೆಳಸ್ವರಕ್ಕೆ ಇಡೀ ಕೊಳವೆಯ ಗಾಳಿ ಒಂದಾಗಿ ಅದುರಬೇಕು. ದಾರಿಯಲ್ಲೆಲ್ಲೋ ಸೋರಿದರೆ ಅಲೆ ಅಲ್ಲೇ ಮುರಿಯುತ್ತದೆ. ಪಾಪ, ರೀಡಿನ ತಪ್ಪೇನು?

ಮೈಯೆಲ್ಲ ಹಿತ್ತಾಳೆಯಾದರೂ ಇದನ್ನು ವುಡ್‌ವಿಂಡ್ (‘ಮರದ ಗಾಳಿವಾದ್ಯ’) ಕುಟುಂಬಕ್ಕೆ ಸೇರಿಸುವುದೂ ಇದಕ್ಕಾಗಿಯೇ. ಟ್ರಂಪೆಟ್‌ನಲ್ಲಿ ಅದುರುವುದು ವಾದಕನ ತುಟಿ, ಇಲ್ಲಿ ಅದುರುವುದು ರೀಡ್. ಬೆಳ್ಳಿಯ ಕೊಳಲೂ ವುಡ್‌ವಿಂಡೇ. ಗಾಳಿವಾದ್ಯಗಳಿಗೆಲ್ಲ ನಾವು ಹೇಳುವ ‘ಸುಷಿರ’ ಎಂಬ ಮಾತು ಮರವೋ ಲೋಹವೋ ಎಂದು ಕೇಳುವುದೇ ಇಲ್ಲ, ಅದು ನನಗೆ ಹೆಚ್ಚು ಒಪ್ಪಿಗೆ.

1846ರಲ್ಲಿ ಪ್ಯಾರಿಸ್‌ನಲ್ಲಿ ಇದರ ಪೇಟೆಂಟ್ ಪಡೆದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್, ಬಾಸ್ ಕ್ಲಾರಿನೆಟ್ಟನ್ನು ಸುಧಾರಿಸಿದ ಕುಶಲಿ. ಕ್ಲಾರಿನೆಟ್ಟಿನಂಥದೇ ಒಂಟಿ ರೀಡನ್ನು ಆತ ಶಂಕುವಿನಂತೆ ಅಗಲವಾಗುತ್ತಾ ಹೋಗುವ ಕೊಳವೆಗೆ ಜೋಡಿಸಿದ. ಬಹುಪಾಲು ಒಂದೇ ಅಗಲದ ಕ್ಲಾರಿನೆಟ್ ಮೇಲಕ್ಕೆ ಜಿಗಿದರೆ ಷಡ್ಜದಿಂದ ತಾರಸ್ಥಾಯಿಯ ಪಂಚಮಕ್ಕೆ ಹೋಗುತ್ತದೆ. ಸ್ಯಾಕ್ಸೋಫೋನ್ ನೇರವಾಗಿ ತಾರ ಷಡ್ಜಕ್ಕೆ ಏರುತ್ತದೆ, ಬೆರಳುಗಳ ಜಾಗ ಬಹುಮಟ್ಟಿಗೆ ಅದೇ.

ನಾಗಸ್ವರದ ಕೊಳವೆಯೂ ಶಂಕುವೇ, ಅದರ ರೀಡ್ ಜೋಡಿ ಎಂಬುದಷ್ಟೇ ಬೇರೆ. ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ಇದರಲ್ಲಿ ಕರ್ನಾಟಕ ಸಂಗೀತವನ್ನು ಒಲಿಸಿಕೊಂಡರು. ಹೊರಗಿನವರಿಗೆ ಅದು ದೂರದ ಜಿಗಿತ. ಕೊಳವೆಯೊಳಗೆ ದೀಪ ಇಳಿಸಿ ನೋಡುವ ನನಗೆ ಅದು ನೆರೆಮನೆ. ಕಷ್ಟವಿದ್ದುದು ಗಮಕದಲ್ಲಿ. ಕೀಲಿಗಳು ತೂತನ್ನು ಮುಚ್ಚುತ್ತವೆ ಇಲ್ಲವೇ ತೆರೆಯುತ್ತವೆ, ನಾಗಸ್ವರದ ಬೆರಳಿನಂತೆ ಅರೆಬರೆ ಸರಿಯುವುದಿಲ್ಲ. ಸ್ವರಗಳ ನಡುವಿನ ಜಾರುವಿಕೆಗೆ ತುಟಿ, ದವಡೆ, ಗಂಟಲುಗಳೂ ದುಡಿಯಬೇಕು. ಸೋರುವ ವಾದ್ಯವನ್ನು ನುಡಿಸುವವರು ತಮಗರಿವಿಲ್ಲದೆ ದವಡೆ ಬಿಗಿಯುತ್ತಾರೆ, ಜಾರುವಿಕೆ ಅಲ್ಲಿಗೆ ಸತ್ತಂತೆ. ಹಾಗಾಗಿ ಪ್ಯಾಡ್ ಕೂರಿಸಿದ ಮೇಲೆ ಕೆಳಸ್ವರ ಸರಾಗವಾಗಿ ಬಂದರೂ ವಾದ್ಯವನ್ನು ಆಗಲೇ ಕಳುಹಿಸುವುದಿಲ್ಲ. ಅಲ್ಲೇ ಕೂತು, ಗಮಕವಿಲ್ಲದೆ ಬಾರದ ತೋಡಿ ರಾಗದ ಗಾಂಧಾರ ನುಡಿಸಲು ಹೇಳುತ್ತೇನೆ.